ಎರಡು ತಾಸಿನ ಲ್ಯಾಪ್‌ಟಾಪ್

"ಮನಿಗೂ ಆಫೀಸಿಗೂ ಒಂದಽ ಸಾಕ್ರಿ. ಸೋವಿದಿರ್ಲಿ, ಆದ್ರ ಕೈ ಕೊಡಬಾರ್ದು," ಎಂದೆ. ಸೋಮವಾರದಿಂದ ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಕೆಲಸಕ್ಕೆ ಬರಬೇಡಿ ಎಂದು ಆಫೀಸಿನವರು ಹೇಳಿಯಾಗಿತ್ತು.

ಅಂಗಡಿಯ ಹುಲಕೋಟಿಯವರು ಎರಡನ್ನು ಮುಂದಿಟ್ಟರು. "ಕರೆಂಟಿನ ಮ್ಯಾಲ ನಡಿಯೋವು ಸಾವಕಾರ್ರಿಗೆ ಬಿಡ್ರಿ. ಇವೆರಡೂ ನಿದ್ದಿ ಮ್ಯಾಲ ನಡಿತಾವ. ಇದು ದಿನಾ ನಾಕು ತಾಸು ನಿದ್ದಿ ತಿಂತೈತಿ. ಇದಕ್ಕ ಎರಡಽ ತಾಸು ಸಾಕು, ಆದ್ರ ಗಾಢ ನಿದ್ದಿನಽ ಬೇಕು."

ಎರಡು ತಾಸಿನದನ್ನೇ ಆರಿಸಿ, ನಿದ್ದೆ ಹೊಂದುತ್ತದೋ ನೋಡಲು ಎಲ್ಲರೂ ಮಾಡುವಂತೆ ಅದರ ಮೇಲೆ ಹೆಬ್ಬೆರಳು ಒತ್ತಿದೆ. ಪರದೆ ಬೆಳಗಲಿಲ್ಲ. ಹುಲಕೋಟಿಯವರು ನನ್ನ ಬೆರಳು ಒರೆಸಿ ಮತ್ತೆ ಒತ್ತಿಸಿದರು.

"ಅಕ್ಕಾರ, ಯಂತ್ರದ್ದೇನೂ ತಪ್ಪಿಲ್ಲ. ನಿಮ್ಮೊಳಗ ಅಂಥಾ ನಿದ್ದಿ ಉಳಿದಿಲ್ಲ."

"ರಾತ್ರಿ ಕಣ್ಣು ಮುಚ್ಚಿ ಮಲಗಿರ್ತೀನಲ್ರಿ."

"ಅದನ್ನ ಇದು ಲೆಕ್ಕಕ್ಕ ಹಿಡಿಯಂಗಿಲ್ರಿ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮಗಳು ಸಂಜೋತಾ, "ಅವ್ವಾ, ನಾ ಒತ್ಲೇನು?" ಎಂದಳು. ಬೇಡ ಎನ್ನುವಷ್ಟರಲ್ಲಿ ಒತ್ತಿಬಿಟ್ಟಳು. ಅಂಗಡಿಯೆಲ್ಲ ಬೆಳ್ಳಗಾಗುವಷ್ಟು ಪರದೆ ಬೆಳಗಿತು.

"ಭಾಳ ಚಲೋ ನಿದ್ದಿ ಐತಿ ನೋಡ್ರಿ ಕೂಸಿಂದು," ಎಂದು ಹುಲಕೋಟಿಯವರು ನಕ್ಕರು.

ನಾನು ಅವಳ ಕೈ ಹಿಡಿದೆ. ಹಿಂದಕ್ಕೆ ಎಳೆಯಬೇಕೆಂದೇ ಹಿಡಿದಿದ್ದೆ. ಆದರೆ ಸೋಮವಾರ ನೆನಪಾಯಿತು.

"ಗ್ಯಾರಂಟಿ ಎಷ್ಟು ವರ್ಷದ್ದರಿ?" ಎಂದು ಕೇಳಿದೆ.

"ಈಕಿಗೆ ನಿಮ್ಮಷ್ಟು ಚಿಂತಿ ಹತ್ತೋತನಕ ಇದಕ್ಕೇನೂ ಆಗಂಗಿಲ್ರಿ."

ಮನೆಗೆ ಬರುವ ಬಸ್ಸಿನಲ್ಲಿ ಸಂಜೋತಾ ಲ್ಯಾಪ್‌ಟಾಪಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ತನ್ನ ಹೆಸರೇ ಇಡಬೇಕೆಂದು ಹಟ ಹಿಡಿದಳು. ಆಗಲಿ ಎಂದೆ. ಇವತ್ತಿನಿಂದ ಅವಳನ್ನು ಬೇಗ ಮಲಗಿಸಬೇಕು.