ಕಳ್ಳರಿಗೂ ದಕ್ಕದ ಕಾರು

ಮನೆ ಮುಂದೆ ನಿಂತಿದ್ದ ಹಳೆಯ ಕಾರಿನ ಎಂಜಿನ್ ಗರಗರ ತಿರುಗುತ್ತಿತ್ತು, ಚಾಲೂ ಮಾತ್ರ ಆಗುತ್ತಿರಲಿಲ್ಲ. ಆಂಬುಲೆನ್ಸಿಗೆ ಕಾಯುವ ಹೊತ್ತಲ್ಲ. ಮಗಳು ಮತ್ತೆ ಮತ್ತೆ ಕೀಲಿ ತಿರುವುತ್ತಿದ್ದಳು. ಹಿಂದಿನ ಸೀಟಿನಲ್ಲಿ ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನೀಲವ್ವ, ಗ್ಯಾರೇಜಿನ ಮಿಸ್ತ್ರಿಗೆ ಫೋನು ಹಚ್ಚಿದಳು.

“ಪೆಟ್ರೋಲ್ ಅದ, ಬ್ಯಾಟರಿ ಚಲೋ ಅದ ಅಂತೀರಿ. ಕಳ್ಳರ ಅಂಜಿಕಿಗೆ ಎಲ್ಲ್ಯರ ಗುಪ್ತ ಸ್ವಿಚ್ ಹಾಕ್ಸೀರೇನ್ರಿ, ಅಕ್ಕಾರ? ಅದನ್ನ ಒತ್ತದಿದ್ರ ಗಾಡಿ ಚಾಲೂ ಆಗೂದಿಲ್ಲ.”

“ನಮ್ಮ ಮನಿಯವರು ಹಾಕ್ಸ್ಯಾರಪ್ಪಾ. ಎಲ್ಲಿ ಅಂತ ನನಗೂ ಹೇಳಿಲ್ಲ. ನಿನ್ನ ಬಾಯಾಗ ಗುಟ್ಟು ನಿಲ್ಲೂದಿಲ್ಲ ಅಂದ್ರು.”

“ಹಂಗಾರ ಅವರನ್ನ ಕೇಳ್ರಿ, ಲಗೂನ!”

ನೀಲವ್ವ ಬಗ್ಗಿ ನೋಡಿದಳು. ಲಕ್ವ ಹೊಡೆದು ಸೊಟ್ಟಗಾದ ಬಾಯಿಂದ, ತೊಡೆಯ ಮೇಲಿದ್ದ ಗಂಡ ಆಗಿನಿಂದ ಅದನ್ನೇ ಹೇಳಲು ಹೆಣಗುತ್ತಿದ್ದ.