ಹೀಪ್ ಡಂಪಿನೊಳಗೆ

ಆಫೀಸಿನ ಚಾಟ್ ಪ್ರೋಗ್ರಾಂ ಬೆಳಗಿನಿಂದ ತೆವಳುತ್ತಿತ್ತು. ಕಾರಣ ತಿಳಿಯಬೇಕಾದರೆ ಅದನ್ನು ನಿಲ್ಲಿಸುವ ಮುನ್ನ ಅದರ ನೆನಪಿನಲ್ಲಿರುವುದನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಳ್ಳಬೇಕು. ಅದೇ ಹೀಪ್ ಡಂಪ್. ಹೊಸಬಳಾದ ಸುಮೇಧಾ ಮೂರು ಸಲ ಯತ್ನಿಸಿದರೂ ‘ಅನುಮತಿ ಇಲ್ಲ’ ಎಂದೇ ಬಂತು.

“ಏನಮ್ಮಾ, ಆಗುತ್ತೋ ಇಲ್ವೋ? ಇವತ್ತು ನಿನ್ನ ಕೆಲಸ ಖಾಯಂ ಮಾಡೋ ದಿನ ಬೇರೆ!” ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು.

“ಎರಡೇ ನಿಮಿಷ ಸರ್...”

ಪ್ರೋಗ್ರಾಂ ಯಾವ ಲಾಗಿನ್ನಿನಲ್ಲಿ ಓಡುತ್ತಿದೆಯೋ ಅದೇ ಲಾಗಿನ್ನಿನಿಂದ ಕೇಳಬೇಕೆಂದು ಅವಳಿಗೆ ಥಟ್ಟನೆ ಹೊಳೆಯಿತು. ಲಾಗಿನ್ ಬದಲಿಸಿದಳು. ಫೈಲು ಇಳಿಯಿತು.

“ಭೇಷ್! ನೀನಿಲ್ದೆ ಈ ಆಫೀಸ್ ನಡೆಯಲ್ಲ ಬಿಡು,” ಎನ್ನುತ್ತ ಅವರು ಕಾಫಿಗೆ ಹೊರಟರು.

ಅವಳು ಫೈಲು ತೆರೆದಳು. ಆಫೀಸಿನವರ ಸಂದೇಶಗಳೆಲ್ಲ ಅದರಲ್ಲಿ ಇದ್ದ ಹಾಗೇ ಬಿದ್ದಿದ್ದವು. ಮ್ಯಾನೇಜರು ಬೆಳಿಗ್ಗೆ ಎಚ್‌ಆರ್‌ಗೆ ಬರೆದದ್ದೂ ಇತ್ತು: “ಡಂಪ್ ಒಂದು ತೆಗೆದುಕೊಡಲಿ, ಸಂಜೆಗೆ ಆ ಹುಡುಗೀನ ಕೆಲಸದಿಂದ ಕಳಿಸಿಬಿಡೋಣ.”