ಉಮಿಕರಿಯಲ್ಲಿ ಬದನೆ ಬೀಜ

ಗೂಟಕ್ಕೆ ನೇತುಹಾಕಿದ್ದ ಬದನೆ ಬೀಜದ ಗಂಟು ಹಗುರಾಗಿತ್ತು. ಖೈರುನ್ನಿಸಾ ಬಿಚ್ಚಿ ನೋಡಿದಳು. ಬಟ್ಟೆಯಲ್ಲಿ ಒಂದು ಬೀಜವೂ ಇರಲಿಲ್ಲ.

“ಮಾಮಿ, ಬೀಜ ಎಲ್ಲಿ?”

ಅತ್ತೆ ಆಮಿನಮ್ಮ ಹಿತ್ತಲ ಬಾಗಿಲಲ್ಲಿ ಕುಳಿತಿದ್ದರು. ಅವರ ಉಗುರುಗಳಲ್ಲಿ ಹಸಿ ಮಣ್ಣಿತ್ತು. “ಹಾಕಿದೆ,” ಎಂದರು.

“ಎಲ್ಲಿಗೆ?”

“ಪಾತಿಗೆ. ಮತ್ತೆಲ್ಲಿಗೆ ಹಾಕುವುದು?”

ಆ ಮಳೆಗಾಲದಲ್ಲಿ ಅದೇ ಪಾತಿಗೆ ಎರಡು ಸಲ ಬೀಜ ಹಾಕಿ ಆಗಿತ್ತು. ಎರಡು ಸಲವೂ ಸಸಿಗಳು ಎದ್ದು, ಎಲೆ ಬಿಡುವಷ್ಟರಲ್ಲಿ ಬುಡ ಕಪ್ಪಾಗಿ, ನೂಲಿನಂತೆ ಸಪೂರವಾಗಿ, ಮಗ್ಗುಲಿಗೆ ಬಿದ್ದು ಸತ್ತಿದ್ದವು. ಉಳಿದದ್ದು ಗಂಟಿನಲ್ಲಿದ್ದ ಬೀಜ ಮಾತ್ರ. ಆಮಿನಮ್ಮನ ಮಗಳು ಫಾತಿಮಾ ಹಣ್ಣಾದ ಬದನೆ ಹಿಂಡಿ, ಬೂದಿಯಲ್ಲಿ ಒಣಗಿಸಿ ತನ್ನ ಕೈಯಾರೆ ಕಟ್ಟಿಟ್ಟ ಬೀಜ. ಅದಾದ ಮೇಲೆ ಹೆರಿಗೆಗೆಂದು ಉಡುಪಿಯ ಆಸ್ಪತ್ರೆಗೆ ಹೋದವಳು ಜೀವಂತ ತಿರುಗಿ ಬಂದಿರಲಿಲ್ಲ.

“ರೋಗ ಬೀಜದಲ್ಲಿ ಇಲ್ಲ, ಮಣ್ಣಿನಲ್ಲಿ ಉಂಟು. ಮಣ್ಣು ಬಿಟ್ಟು ಬೇರೆ ಎಂತದರಲ್ಲಾದರೂ ಸಸಿ ಮಾಡಿ ನೋಡು,” ಎಂದು ಕಾಪು ಪೇಟೆಯಲ್ಲಿ ಹೂವಿನ ಗಿಡ ಮಾರುವ ಲಿಡ್ವಿನ್ ಬಾಯಿ ಹೇಳಿದ್ದರು. ಫಾತಿಮಾಳ ಬೀಜವನ್ನೇ ಪರೀಕ್ಷೆಗೆ ಒಡ್ಡಲು ಖೈರುನ್ನಿಸಾಳಿಗೆ ಧೈರ್ಯ ಬರಲಿಲ್ಲ. ಮೂರು ತೆಂಗಿನ ಗೆರಟೆಗಳಲ್ಲಿ ಮೂರು ಬಗೆಯ ಹುಡಿ ತುಂಬಿ, ಹರಿವೆ ಸೊಪ್ಪಿನ ಬೀಜ ಹಾಕಿ ಮನೆಯ ಮಾಡಿನ ಕೆಳಗೆ ಇಟ್ಟಿದ್ದಳು. ಮರದ ಹುಡಿಯಲ್ಲಿ ಎದ್ದ ಹರಿವೆ ಹಳದಿಗಟ್ಟಿ ನಿಂತಿತು. ತೆಂಗಿನ ನಾರಿನ ಹುಡಿಯಿಂದ ಚಹಾದಂಥ ನೀರು ಸೋರಿತೇ ಹೊರತು ಮೊಳಕೆ ಬರಲಿಲ್ಲ. ಭತ್ತದ ಉಮಿ ಸುಟ್ಟ ಕರಿಯಲ್ಲಿ ಚೆನ್ನಾಗಿ ಎದ್ದಿತು, ಆದರೆ ಮಧ್ಯಾಹ್ನದೊಳಗೆ ನೀರು ಆರಿ ಬಾಡಿತು. ಉಮಿಕರಿಗೆ ತೊಳೆದ ನಾರಿನ ಹುಡಿ ಬೆರೆಸಿದರೆ ತೇವ ನಿಂತೀತು ಎಂದುಕೊಂಡು, ಅವಳು ಬೆಳಗಿನಿಂದ ಬಾವಿಕಟ್ಟೆಯಲ್ಲಿ ಆ ಹುಡಿ ತೊಳೆಯುತ್ತಿದ್ದಳು. ಅಷ್ಟರಲ್ಲಿ ಅತ್ತೆ ಹೀಗೆ ಮಾಡಿದ್ದರು.

“ನಾಳೆ ಹಾಕುತ್ತೇನೆ ಅಂತ ಹೇಳಿದ್ದೆನಲ್ಲ ಮಾಮಿ!”

“ಹಲ್ಲುಜ್ಜುವ ಉಮಿಕರಿಯಲ್ಲಿ ಗಿಡ ಆಗುವುದುಂಟಾ? ಈ ವರ್ಷ ಹುಟ್ಟದಿದ್ದರೆ ಆ ಬೀಜ ಇನ್ನು ಹುಟ್ಟುವುದಿಲ್ಲ. ಆ ಗಂಟು ನೋಡುತ್ತಾ ಕೂರಲು ನನ್ನಿಂದ ಆಗಲಿಲ್ಲ ಮಗಳೇ.”

ಖೈರುನ್ನಿಸಾ ಅಕ್ಕಿ ಕೇರುವ ಗೆರಸೆ ಹಿಡಿದು ಪಾತಿಯತ್ತ ಓಡಿದಳು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಒಂದು ಮಳೆ ಬಿದ್ದರೆ ಬೀಜ ಎಲ್ಲಿಗೆ ಹೋಯಿತೆಂದು ಹುಡುಕುವ ಹಾಗೂ ಇರಲಿಲ್ಲ. “ಯಾವ ಕಡೆ ಹಾಕಿದಿರಿ? ಬೇಗ ಹೇಳಿ.”

ಆಮಿನಮ್ಮ ತಡವರಿಸುತ್ತ ಬಂದು ಮಂಡಿಯೂರಿದರು. “ಇಲ್ಲಿ ಬೆರಳಲ್ಲಿ ಗೆರೆ ಎಳೆದಿದ್ದೆ. ಅಲ್ಲ, ಸ್ವಲ್ಪ ಆಚೆ.” ಖೈರುನ್ನಿಸಾ ಚಮಚದಲ್ಲಿ ಮೇಲಿನ ಮಣ್ಣು ತೆಗೆದು ಗೆರಸೆಗೆ ಹರವಿದಳು. ಬೀಜದ ಬಣ್ಣವೂ ಮಣ್ಣಿನ ಬಣ್ಣವೂ ಒಂದೇ ಆಗಿ ಕಂಡವು. ಇಬ್ಬರೂ ತಲೆ ತಗ್ಗಿಸಿ ಹೆಕ್ಕಿದರು. ಸಿಕ್ಕಿದ್ದೆಂದು ಆಮಿನಮ್ಮ ಹಿಡಿದು ತೋರಿಸಿದ್ದರಲ್ಲಿ ಎಷ್ಟೋ ಬರೀ ಮರಳಿನ ಕಾಳು. ಮೊದಲ ಹನಿ ಬೀಳುವಾಗ ಖೈರುನ್ನಿಸಾಳ ಅಂಗೈಯಲ್ಲಿ ಒಂದು ಚಿಟಿಕೆಯಷ್ಟು ಬೀಜ ಇತ್ತು. ಉಳಿದದ್ದು ಮಣ್ಣಿನಲ್ಲೇ ಹೋಯಿತು.

ಕಾಯಿಸಿ ಆರಿಸಿದ ನೀರಿನಲ್ಲಿ ಅವಳು ಬೀಜಗಳನ್ನು ಮತ್ತೆ ಮತ್ತೆ ತೊಳೆದಳು. ಗಂಡ ಜಮಾಲ್ ದುಬೈಯಿಂದ ತಂದಿದ್ದ ಬಿಸ್ಕತ್ತಿನ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಉಮಿಕರಿ ಮತ್ತು ನಾರಿನ ಹುಡಿ ಬೆರೆಸಿ ತುಂಬಿದಳು. ಹರಿವೆಗೆ ಆದದ್ದು ಬದನೆಗೂ ಆದೀತೆಂದು ಯಾರು ಕಂಡಿದ್ದಾರೆ? ಹೀಗೆ ಬೆರೆಸಿದ್ದನ್ನು ಅವಳೂ ಪರೀಕ್ಷಿಸಿ ನೋಡಿರಲಿಲ್ಲ.

ಆಮೇಲೆ ಆಮಿನಮ್ಮ ಮನೆಯೊಳಗೆ ಕೂರಲೇ ಇಲ್ಲ. ಡಬ್ಬದ ಬಳಿ ಹೋಗುವರು, ಬಗ್ಗುವರು, ಏನೂ ಕಾಣದೆ ಬರುವರು. ಮೀನು ಮಾರಲು ಬಂದ ಅಕ್ಕು, “ಎಂತ ಆಮಿನಮ್ಮ, ಡಬ್ಬದಲ್ಲಿ ಮಗು ಮಲಗಿಸಿದ್ದೀರಾ?” ಎಂದು ನಗೆಯಾಡಿದಾಗ ಅವರು ನಗಲಿಲ್ಲ. ಖೈರುನ್ನಿಸಾ ಒಲೆಯ ಮುಂದೆ ಕುಳಿತಿದ್ದಳು. ಬೀಜ ಹುಟ್ಟದಿದ್ದರೆ ಈ ಮನೆಯಲ್ಲಿ ತಾನು ಹೇಗಿರುವುದು ಎಂಬ ಯೋಚನೆಯಲ್ಲಿ ಅವಳಿಗೆ ಅನ್ನ ಸೀದದ್ದೂ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಕಪ್ಪು ಹುಡಿಯ ನಡುವೆ ಬಿಳಿ ಬೆನ್ನು ಬಗ್ಗಿಸಿ ಒಂದು ಮೊಳಕೆ ನಿಂತಿತ್ತು. ಸಂಜೆಗೆ ಇನ್ನೆರಡು. ಹಾಕಿದ್ದರಲ್ಲಿ ಅರ್ಧವೂ ಏಳಲಿಲ್ಲ. ಎದ್ದವು ಎಲೆ ಬಿಡುವವರೆಗೆ ಇಬ್ಬರೂ ಅವುಗಳ ಬುಡವನ್ನೇ ನೋಡಿದರು. ಬುಡ ಕಪ್ಪಾಗಲಿಲ್ಲ. ಒಂದು ಸಸಿಯೂ ಮಗ್ಗುಲಿಗೆ ಬೀಳಲಿಲ್ಲ.

ಆಮಿನಮ್ಮ ಡಬ್ಬದ ಪಕ್ಕ ಕುಳಿತರು. ಅವರ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ನಗೆ ಮೂಡಿತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಖೈರು, ಕೊನೆಗೆ ಇವನ್ನು ಮಣ್ಣಿಗೇ ಇಳಿಸಬೇಕಲ್ವಾ?”

“ಹೌದು ಮಾಮಿ. ಬುಡ ಗಟ್ಟಿಯಾದ ಮೇಲೆ.”

“ಗಟ್ಟಿಯಾಯಿತು ಅಂತ ನಮಗೆ ಹೇಗೆ ಗೊತ್ತಾಗುವುದು?”

ಖೈರುನ್ನಿಸಾ ಒಂದು ಸಸಿಯ ಬುಡದ ಹತ್ತಿರ ಬೆರಳು ಒಯ್ದಳು. ಮುಟ್ಟದೆ ಹಿಂದಕ್ಕೆ ತೆಗೆದಳು.